ಸಾರಿಸದೆ ಬಿಟ್ಟ ಕಣ

ಮಾಕಳಿಯಲ್ಲಿ ಸೊಪ್ಪನ್ನು ಯಾರೂ ದುಡ್ಡು ಕೊಟ್ಟು ತರದಿದ್ದ ದಿನಗಳವು. ಒಲೆಯ ಮೇಲೆ ಬೇಳೆ ಇಟ್ಟು, ಅದು ಬೇಯುವಷ್ಟರಲ್ಲಿ ಮನೆಯ ಹಿಂದಕ್ಕೆ ಹೋಗಿ ಮಡಿಲು ತುಂಬ ಅಣ್ಣೆ ಸೊಪ್ಪು ಕಿತ್ತುಕೊಂಡು ಬರಬಹುದಿತ್ತು. ಹೆದ್ದಾರಿಯ ಆ ಬದಿಗೆ ಕಾರ್ಖಾನೆಗಳ ಸೈರನ್ನು, ಈ ಬದಿಗೆ ನಮ್ಮ ಅಜ್ಜಿಯ ಕಣ. ಪೀಣ್ಯದ ಲೇತ್ ಶಾಪಿನಿಂದ ಸಂಜೆ ಸೈಕಲ್ಲಿನಲ್ಲಿ ಬರುವ ಅಪ್ಪನ ಷರಟಿನಲ್ಲಿ ಕೂಲಂಟ್ ಎಣ್ಣೆಯ ವಾಸನೆ, ಅಜ್ಜಿಯ ಸೆರಗಿನಲ್ಲಿ ತುಂಬೆ ಗಿಡದ ವಾಸನೆ. ನಾನು ಬೆಳೆದದ್ದು ಈ ಎರಡರ ನಡುವೆ.

ಕಣ ಎಂದರೆ ರಾಗಿ ಒಕ್ಕುವ ಅಂಗಳ. ಹಿಂದೆ ಸುಗ್ಗಿ ಬಂತೆಂದರೆ ಅಲ್ಲಿನ ಹುಲ್ಲು ಕೆರೆದು, ನೀರು ಹೊಡೆದು, ರೋಣಗಲ್ಲು ಉರುಳಿಸಿ, ಸಗಣಿ ಬಗ್ಗಡದಿಂದ ಇಡೀ ನೆಲವನ್ನು ಸಾರಿಸುತ್ತಿದ್ದರಂತೆ. ಒಣಗಿದ ಮೇಲೆ ಅದು ಹಂಚಿನ ಹಾಗೆ ಗಟ್ಟಿ. ರಾಗಿಗೆ ಚೂರೂ ಮಣ್ಣು ಸೇರಬಾರದು, ಅದಕ್ಕೆ ಅಷ್ಟು ಆರೈಕೆ. ನನಗೆ ಬುದ್ಧಿ ಬರುವ ಹೊತ್ತಿಗೆ ರಾಗಿ ಬೆಳೆಯುವುದು ನಿಂತುಹೋಗಿತ್ತು. ಕಣದ ತುಂಬ ಗರಿಕೆ ಹಬ್ಬಿ, ನಡುನಡುವೆ ತುಂಬೆ, ಮುಟ್ಟಿದರೆ ಮುನಿ, ಅಜ್ಜಿಯ ಸೊಪ್ಪು. ಬರಿಗಾಲಲ್ಲಿ ಓಡಿದರೆ ಅಂಗಾಲಿಗೆ ತಣ್ಣಗಾಗುತ್ತಿತ್ತು.

ನಾವಿದ್ದದ್ದು ಅಮ್ಮನ ತವರಿನ ಜಾಗದಲ್ಲಿ. ಅಮ್ಮನ ಅಣ್ಣ ರಾಜಣ್ಣ ಮಾವ ತಮ್ಮ ಮನೆಯ ಪಕ್ಕಕ್ಕೇ ನಮಗೊಂದು ಶೀಟಿನ ಮನೆ ಬಿಟ್ಟುಕೊಟ್ಟಿದ್ದರು. ಅಜ್ಜಿ ಇದ್ದದ್ದು ಮಾವನ ಮನೆಯಲ್ಲಿ, ಹಗಲೆಲ್ಲ ನಮ್ಮ ಮನೆಯ ಜಗಲಿಯ ಮೇಲೆ. ಕಣದ ಆಚೆ ಅಂಚಿಗೆ ಮಾವನೇ ಕಟ್ಟಿಸಿದ ಸಾಲು ರೂಮುಗಳು. ಕೊಪ್ಪಳ, ಗದಗಿನ ಕಡೆಯಿಂದ ದುಡಿಯಲು ಬಂದವರು ಅಲ್ಲಿ ಬಾಡಿಗೆಗಿದ್ದರು. ಕೊನೆಯ ರೂಮಿನ ಶಿವಲೀಲಾ ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ಅವಳಪ್ಪನದು ಗಾರೆ ಕೆಲಸ. ಅವಳು ಓಡಿದರೆ ಜಡೆ ಬೆನ್ನಿಗೆ ತಾಗುತ್ತಿರಲಿಲ್ಲ, ಅಷ್ಟು ಜೋರು.

ಮಾವ ಎಂದರೆ ನನಗೆ ಪ್ರಾಣ. ಮೊಪೆಡ್ಡಿನ ಮುಂದೆ ನಿಲ್ಲಿಸಿಕೊಂಡು ನಾಗಸಂದ್ರದವರೆಗೆ ಒಂದು ಸುತ್ತು ಹೊಡೆಸುತ್ತಿದ್ದರು. ಅಪ್ಪ ಬೈದರೆ ಅಡಗಿಕೊಳ್ಳಲು ಅವರ ಬೆನ್ನಿತ್ತು. ಹಬ್ಬಕ್ಕೆ ಲಂಗದ ಬಟ್ಟೆ, ಜಾತ್ರೆಗೆ ಬಳೆ, ಜ್ವರ ಬಂದರೆ ಬನ್ನು. ಏನು ಕೇಳಿದರೂ ಒಂದೇ ಉತ್ತರ: "ಮಾವ ಇದೀನಲ್ಲಮ್ಮ." ಆ ಮಾತಿನ ಮೇಲೆ ನಾನು ಮನೆ ಕಟ್ಟಿಕೊಂಡಿದ್ದೆ.

ಆ ವರ್ಷ ನಮ್ಮ ಶಾಲೆಯ ಅಂಗಳದಲ್ಲಿ ಹೊಸ ಕೊಠಡಿಗೆ ಪಾಯ ತೋಡಿದರು. ನಮ್ಮ ಖೊಖೊ ಆಟಕ್ಕೆ ಜಾಗವೇ ಇಲ್ಲವಾಯಿತು. ಪಕ್ಕದ ಖಾಲಿ ಜಾಗದಲ್ಲಿ ಗಂಡು ಹುಡುಗರ ಕ್ರಿಕೆಟ್ಟು. ಕೇಳಲು ಹೋದರೆ, "ಓಗ್ರಮ್ಮ, ಮನೇಲಿ ಕುಂಟೆಬಿಲ್ಲೆ ಆಡ್ಕೊಳ್ಳಿ" ಎಂದು ನಕ್ಕರು. ಆಟದ ಮೇಷ್ಟ್ರು ಮಾತ್ರ ನಮ್ಮನ್ನು ಕರೆದು, "ನೋಡ್ರಮ್ಮ, ನಿಮ್ಮಲ್ಲಿ ಓಟ ಇದೆ. ಬೇಸಿಗೆಯೆಲ್ಲ ಅಭ್ಯಾಸ ಮಾಡಿದ್ರೆ ಮಳೆಗಾಲದಲ್ಲಿ ಹೋಬಳಿ ಆಟಕ್ಕೆ ಕರ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಬೇರೆ ಶಾಲೆಯೋರು ಹೋಗ್ತಾರೆ, ಅಷ್ಟೆ" ಎಂದರು. ಹೋಬಳಿ ಆಟವೆಂದರೆ ಬಸ್ಸು, ಬನಿಯನ್ನಿನ ಮೇಲೆ ನಂಬರು, ಊರಿನವರೆಲ್ಲ ನೋಡುವಂತೆ ಓಡುವುದು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಯಾವುದಕ್ಕೂ ಆಯ್ಕೆಯಾದದ್ದನ್ನು ನಾನು ಅಲ್ಲಿವರೆಗೆ ಕೇಳಿರಲಿಲ್ಲ.

ಅವತ್ತು ಸಂಜೆ ಮಾವ ಅಂಗಳದಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ಅಮ್ಮ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಳು.

"ಮಾವ, ಕಣದಲ್ಲಿ ನಾವು ಖೊಖೊ ಆಡ್ಬೋದಾ?"

"ಹುಲ್ಲಲ್ಲಿ ಏನಾಡ್ತೀಯ? ಜಾರಿ ಬಿದ್ದು ಹಲ್ಲು ಮುರ್ಕೊಂಡ್ರೆ ಯಾರು ಕಟ್ಕೊತಾರೆ ನಿನ್ನ?" ನಕ್ಕರು. ಆಮೇಲೆ ಲೋಟ ಕೆಳಗಿಟ್ಟು ಕಣದ ಕಡೆ ಸ್ವಲ್ಪ ಹೊತ್ತು ನೋಡಿದರು. "ಒಂದು ಕೆಲ್ಸ ಮಾಡಿ. ನಿಮ್ಮ ಪಟಾಲಂ ಎಲ್ಲ ಸೇರಿ ಹುಲ್ಲು ಕೆರೆದು ಕ್ಲೀನ್ ಮಾಡ್ಕೊಳ್ಳಿ. ನೀಟಾಗಿ. ಎರಡು ಕಂಬ ನಾನು ನೆಡಿಸಿ ಕೊಡ್ತೀನಿ."

"ನಿಜವಾಗ್ಲೂ?"

"ಮಾವ ಇದೀನಲ್ಲಮ್ಮ."

ಅಮ್ಮ ತಲೆಯೆತ್ತಿ, "ಅಣ್ಣ, ಅಮ್ಮನ ಸೊಪ್ಪಿನ ಜಾಗ ಅದು" ಎಂದಳು.

"ಸೊಪ್ಪು ಇನ್ನೆಲ್ಲಾದ್ರೂ ಬೆಳ್ಯುತ್ತೆ ಬಿಡೇ. ಮಕ್ಳು ಆಡ್ಲಿ."

ಮರುದಿನದಿಂದಲೇ ಶುರು. ಶಿವರಾತ್ರಿ ಆಗಷ್ಟೇ ಕಳೆದಿತ್ತು, ಬೆಳಗಿನ ಬಿಸಿಲಿಗೇ ಬೆನ್ನು ಚುರುಗುಟ್ಟುತ್ತಿತ್ತು. ಶಾಲೆ ಬಿಟ್ಟ ಕೂಡಲೇ ಹುಡುಗಿಯರೆಲ್ಲ ಬರುತ್ತಿದ್ದೆವು. ಒಬ್ಬಳ ಕೈಯಲ್ಲಿ ಕುರ್ಪಿ, ಒಬ್ಬಳ ಕೈಯಲ್ಲಿ ಮುರುಕು ಸನಿಕೆ, ಶಿವಲೀಲಾ ತನ್ನಪ್ಪನ ಕರಣೆಯನ್ನೇ ಕದ್ದು ತಂದಿದ್ದಳು. ಗರಿಕೆ ಸುಲಭಕ್ಕೆ ಬರುವ ಹುಲ್ಲಲ್ಲ. ಎಳೆದರೆ ಮೇಲಿನ ಎಳೆ ಕೈಗೆ, ಬೇರು ನೆಲಕ್ಕೆ. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಮಣ್ಣನ್ನು ಹೊಲಿದಂತೆ ಹಿಡಿದುಕೊಂಡಿತ್ತು. ಒಂದು ಹಿಡಿ ಹುಲ್ಲು ಕಿತ್ತರೆ ಒಂದು ಬೊಗಸೆ ಮಣ್ಣು ಜೊತೆಗೆ. ಕೈಗೆ ಬೊಬ್ಬೆ ಬಂದು ಒಡೆದವು. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುವಾಗ ಒಡೆದ ಬೊಬ್ಬೆಗೆ ಉಪ್ಪು ತಾಗಿ ಎಲ್ಲರೂ ಒಟ್ಟಿಗೆ "ಸ್ಸ್" ಎನ್ನುತ್ತಿದ್ದೆವು, ಆಮೇಲೆ ಒಟ್ಟಿಗೆ ನಗುತ್ತಿದ್ದೆವು.

ಅಜ್ಜಿ ಜಗಲಿಯಿಂದಲೇ ನೋಡುತ್ತಿದ್ದಳು. ಸೊಪ್ಪು ಹೋಯಿತೆಂದು ಬೈಯಲಿಲ್ಲ. ಅವಳಿಗೆ ಚಿಂತೆ ಬೇರೆ.

"ಕೆರುದ್ಮೇಲೆ ಅವತ್ತೇ ಸಾರುಸ್ಬೇಕು ಕಣೆ. ಬೆತ್ತಲೆ ನೆಲ ಇಟ್ಕಂಡು ಮಲಗ್ಬಾರ್ದು."

"ಮಾವ ಟ್ಯಾಂಕರ್ ತರಿಸ್ತಾರಂತೆ ಅಜ್ಜಿ. ನೀರು ಹೊಡ್ಸಿ, ರೋಲರ್ ಓಡಿಸ್ತಾರಂತೆ."

"ಯಾವಾಗಂತೆ?"

"ನಾಳೆ."

ಹುಲ್ಲೆಲ್ಲ ಗುಡ್ಡೆಯಾಯಿತು. ಕಣ ಬೋಳು ತಲೆಯಂತೆ ಕೆಂಪಗೆ ಮಿನುಗಿತು. ನಾವು ಪೊರಕೆ ಹಿಡಿದು ಗುಡಿಸಿ ಚೆಂದ ಬೇರೆ ಮಾಡಿದೆವು. ಮಾವ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿ, "ಭಲೇ ಹುಡ್ಗೀರಾ! ಕೂಲಿಯೋರು ಬಂದಿದ್ರೂ ಇಷ್ಟು ನೀಟಾಗಿ ಮಾಡ್ತಿರ್ಲಿಲ್ಲ" ಎಂದರು. ಎಲ್ಲರಿಗೂ ಐಸ್ ಕ್ಯಾಂಡಿ ಕೊಡಿಸಿದರು. ಟ್ಯಾಂಕರ್ ನಾಳೆ ಎಂದರು. ಆ ನಾಳೆ ಬಂದಾಗ ಇನ್ನೊಂದು ನಾಳೆ ಹೇಳಿದರು.

ಅಜ್ಜಿ ಕಾಯಲಿಲ್ಲ. ಊರಲ್ಲಿ ಹಸು ಉಳಿಸಿಕೊಂಡಿದ್ದ ಒಂದೇ ಮನೆಯಿಂದ ಅಮ್ಮ ಬೆಳಗಿನ ಜಾವ ಮಂಕರಿಯಲ್ಲಿ ಸಗಣಿ ಹೊತ್ತು ತಂದಳು. ಅಜ್ಜಿ ಬಗ್ಗಡ ಕಲಸಿದಳು. ಇಡೀ ಕಣಕ್ಕೆ ಅದು ಎಲ್ಲಿ ಸಾಲುತ್ತದೆ? "ಎಲ್ಲಿ ಜಾಸ್ತಿ ಓಡಾಡ್ತೀರ?" ಎಂದು ಕೇಳಿದಳು. ಕಂಬದ ಸುತ್ತ, ಎಂದೆವು. ಖೊಖೊದಲ್ಲಿ ಕಂಬ ಹಿಡಿದು ತಿರುಗುವ ಜಾಗದಲ್ಲಿ ಕಾಲು ಜಾರಿದರೆ ಆಟ ಮುಗಿದ ಹಾಗೆ. ಹಾಗಾಗಿ ಕಂಬ ಬರಬೇಕಾದ ಒಂದು ಕಡೆ, ಚಾಪೆ ಹಾಸಿದಷ್ಟು ಅಗಲ, ಅಮ್ಮ, ಅಜ್ಜಿ, ನಾನು, ಶಿವಲೀಲಾ ಸೇರಿ ಸಾರಿಸಿದೆವು. ನಡುವೆ ಒಂದು ಕಲ್ಲಿಟ್ಟು, ಇಲ್ಲಿ ಕಂಬ ಎಂದು ಗುರುತು ಮಾಡಿದೆವು. ಕಂಬವಿಲ್ಲದಿದ್ದರೂ ಆಟ ಶುರುವಾಯಿತು. ಶಿವಲೀಲಾ ಆ ಕಲ್ಲನ್ನೇ ಕಂಬವೆಂದುಕೊಂಡು ಸುತ್ತು ಹೊಡೆಯುತ್ತಿದ್ದಳು, ಗಾಳಿಯನ್ನೇ ಕೈಯಲ್ಲಿ ಹಿಡಿದು ತಿರುಗಿದ ಹಾಗೆ.

ಅದೇ ವಾರ ಒಂದು ತುಂತುರು ಮಳೆ ಬಿತ್ತು. ನೆಲ ನೆನೆಯುವಷ್ಟಲ್ಲ, ಮೇಲ್ಮೈ ಒದ್ದೆಯಾಗುವಷ್ಟು. ಮರುದಿನ ಬಿಸಿಲಿಗೆ ಒಣಗಿ, ಕೆರೆದ ಮಣ್ಣಿನ ಮೇಲೆ ಹಪ್ಪಳದಂತಹ ತೆಳ್ಳನೆಯ ಪದರ ಕಟ್ಟಿತು. ಆ ಪದರ ಇದ್ದಷ್ಟು ದಿನ ಎಷ್ಟು ಗಾಳಿ ಬೀಸಿದರೂ ಒಂದು ಚಿಟಿಕೆ ಧೂಳು ಏಳಲಿಲ್ಲ. ಅಜ್ಜಿ ಕಣದ ಅಂಚಿಗೆ ಬಂದು ಬೆರಳಿಂದ ಒತ್ತಿ ನೋಡಿ, "ದೇವ್ರೇ ಸಾರಿಸವ್ನೆ. ಇದುನ್ನ ಒಡೀಬೇಡಿ. ಸಗಣಿ ಹಾಕಿರೋ ಕಡೆ ಮಾತ್ರ ಆಡಿ" ಎಂದಳು. ನಾವು ಹಾಗೇ ಮಾಡಿದೆವು. ಸಾರಿಸಿದ ಆ ಪಟ್ಟಿಯ ಮೇಲೆ ತಿರುಗುವ ಅಭ್ಯಾಸವಷ್ಟೇ. ಉಳಿದ ಕಡೆಗೆ ಟ್ಯಾಂಕರ್ ಬರಲಿ ಎಂದು ಕಾದೆವು.

ಟ್ಯಾಂಕರ್ ಬದಲು ಕಾರು ಬಂತು. ಮಾವ ಮುಂದೆ ನಡೆಯುತ್ತ, "ಬನ್ನಿ ಸಾರ್, ಒಳಗೇ ಬನ್ನಿ, ನೆಲ ಗಟ್ಟಿ ಇದೆ" ಎಂದು ಕಣದ ನಡುವೆಯೇ ಕರೆದುಕೊಂಡು ಬಂದರು. ಕೂಲಿಂಗ್ ಗ್ಲಾಸಿನವರು ಇಳಿದು ನಾಲ್ಕೂ ದಿಕ್ಕು ನೋಡಿದರು. ಮರುದಿನ ಇನ್ನೊಂದು ಕಾರು, ಆಮೇಲೆ ಇನ್ನೊಂದು.

"ಯಾರು ಮಾವ ಇವರು?"

"ನಮ್ಮೋರೇ ಕಣಮ್ಮ. ನಿಮ್ಮ ಗ್ರೌಂಡ್ ನೋಡೋಕೆ ಬಂದಿದ್ರು."

ನಾನು ಈ ಮಾತನ್ನು ಹುಡುಗಿಯರಿಗೆಲ್ಲ ಹೇಳಿಕೊಂಡು ತಿರುಗಿದೆ. ನಮ್ಮ ಗ್ರೌಂಡ್ ನೋಡಲು ಕಾರಲ್ಲಿ ಬರುತ್ತಿದ್ದಾರೆ ಎಂದು.

ಆ ಟೈರು ಹರಿದ ಕಡೆ ಪದರ ಒಡೆದು ಪುಡಿಯಾಗಿತ್ತು. ಒಂದು ಮಧ್ಯಾಹ್ನ ನಾನೂ ಶಿವಲೀಲಾಳೂ ಪಟ್ಟಿಯ ಮೇಲೆ ಬೋರಲು ಮಲಗಿದ್ದೆವು. ಗಾಳಿ ಶುರುವಾಯಿತು. ಕೆನ್ನೆ ನೆಲಕ್ಕೆ ತಾಗಿಸಿದ್ದರಿಂದ ನಮಗೆ ಕಂಡಿತು, ನಿಂತವರಿಗೆ ಕಾಣುತ್ತಿರಲಿಲ್ಲ. ಟೈರಿನ ಗುರುತಿನಲ್ಲಿ ರವೆಯಂತಹ ಕಾಳುಗಳು ಮೊದಲು ನಡುಗಿದವು. ಆಮೇಲೆ ಉರುಳಿದವು. ಆಮೇಲೆ ಒಂದು ಕಾಳು ಟಕ್ಕನೆ ನೆಗೆಯಿತು. ಅದು ಬಿದ್ದ ಕಡೆ ಇನ್ನೆರಡು ನೆಗೆದವು.

"ಏ, ನೋಡಽ ಸುಧಾ," ಶಿವಲೀಲಾ ಪಿಸುಗುಟ್ಟಿದಳು, "ಖೋ ಕೊಡಾಕ ಹತ್ಯಾವು!"

ನಿಜಕ್ಕೂ ಹಾಗೇ ಇತ್ತು. ಒಂದು ಹೋಗಿ ಇನ್ನೊಂದರ ಬೆನ್ನಿಗೆ ಹೊಡೆಯುವುದು, ಅದು ಎದ್ದು ಓಡುವುದು. ವಿಚಿತ್ರವೆಂದರೆ ಹಿಟ್ಟಿನಂತಹ ಸಣ್ಣ ಧೂಳು ತಾನಾಗಿ ಏಳುತ್ತಲೇ ಇರಲಿಲ್ಲ. ಒಂದಕ್ಕೊಂದು ಅಂಟಿಕೊಂಡು ಸುಮ್ಮನೆ ಮಲಗಿತ್ತು. ನೆಗೆದ ಕಾಳು ಬಂದು ಬಡಿದಾಗಲಷ್ಟೇ ಪುಸ್ಸೆಂದು ಮೇಲೆದ್ದು, ಎದ್ದದ್ದು ಮತ್ತೆ ಕೆಳಗಿಳಿಯದೆ ರೂಮುಗಳ ಕಡೆ ಹೋಗುತ್ತಿತ್ತು. ಟೈರಿನ ಗುರುತಿನ ಅಂಚಿನ ಪದರವನ್ನೂ ಆ ಕಾಳುಗಳು ಹೊಡೆದು ಹೊಡೆದು ಮುರಿದವು. ಗಾಯ ದೊಡ್ಡದಾಗುವ ಹಾಗೆ ಗುರುತು ಅಗಲವಾಗುತ್ತ ಹೋಯಿತು. ನಾವು ಚಪ್ಪಾಳೆ ತಟ್ಟಿ ನೋಡಿದೆವು. ಅದು ಆಟವೆಂದುಕೊಂಡಿದ್ದೆವು.

ಮುಂದೆ ಬಿ.ಎಸ್ಸಿ. ಓದುವಾಗ ಗಾಳಿಗೆ ಮಣ್ಣು ಸವೆಯುವ ಪಾಠ ಮಾಡುತ್ತ ಮೇಡಂ ಒಬ್ಬರು ಇದನ್ನೇ ಬೋರ್ಡಿನ ಮೇಲೆ ಬಾಣ ಹಾಕಿ ತೋರಿಸಿದರು. ಇಡೀ ಕ್ಲಾಸು ಬರೆದುಕೊಳ್ಳುತ್ತಿತ್ತು. ನನ್ನ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಬೆಂಚಿನ ಮೇಲೆ ಕೂತವರಲ್ಲ. ಆ ಬೆಂಚನ್ನು ನನಗೆ ಯಾರೂ ಬಿಟ್ಟಿ ಕೊಟ್ಟದ್ದೂ ಅಲ್ಲ. ಹಾಗಾಗಿ ಪಾಠದ ಒಂದಕ್ಷರವನ್ನೂ ಬಿಡದವಳು ನಾನು. ಆದರೆ ಅವತ್ತು ಪೆನ್ನು ಎತ್ತಲಾಗಲಿಲ್ಲ.

ಯುಗಾದಿ ಹೊತ್ತಿಗೆ ಕಣ ಪೂರ್ತಿ ಎದ್ದಿತ್ತು. ಮಧ್ಯಾಹ್ನವಾದರೆ ಕೆಂಪು ಹೊಗೆ. ಒಣಹಾಕಿದ ಬಟ್ಟೆ ಕೆಂಪು, ಕುಡಿಯುವ ನೀರಿನ ಕೊಡದ ಬಾಯಿ ಕೆಂಪು. ಎಲ್ಲಕ್ಕಿಂತ ಹೆಚ್ಚು ಹೊಡೆತ ಸಾಲು ರೂಮುಗಳಿಗೆ, ಗಾಳಿ ಆ ಕಡೆಗೇ. ಶಿವಲೀಲಾಳ ಅವ್ವ ಜೋಳದ ರೊಟ್ಟಿ ಮುರಿದು ನನ್ನ ಬಾಯಿಗಿಟ್ಟು, "ತಿನ್ನವಾ, ನಿಮ್ಮ ಕಣದ ಮಣ್ಣೂ ತಿನ್ನು" ಎಂದಳು. ಹಲ್ಲಿಗೆ ಕಟಕಟ ಎಂದಿತು. ಅವಳ ಕೂಸು ರಾತ್ರಿಯೆಲ್ಲ ಕೆಮ್ಮುತ್ತಿತ್ತಂತೆ. ಕಿಟಕಿಗೆ ಸಿಮೆಂಟಿನ ಚೀಲ ಕಟ್ಟಿದ್ದರು. ಒಳಗೆ ಕತ್ತಲೆ, ಸೆಖೆ.

"ಮಾವ ನೀರು ಹೊಡಿಸ್ತಾರೆ. ಕಂಬ ಬಂದ್ಮೇಲೆ ಎಲ್ಲ ಸರಿಹೋಗುತ್ತೆ" ಎಂದೆ.

ಕಂಬ ಬಂತು. ಟೆಂಪೋ ಕಣದ ಅಂಚಿಗೆ ನಿಂತದ್ದನ್ನು ಕಂಡು ಶಿವಲೀಲಾ ನಮ್ಮ ಬಾಗಿಲಿಗೆ ಬಂದು ಕೂಗಿದಳು, "ಬಂದಾವ! ಕಂಬ ಬಂದಾವ!" ಊಟದ ತಟ್ಟೆ ಬಿಟ್ಟು ಓಡಿದೆ. ಹುಡುಗಿಯರೆಲ್ಲ ಸೇರಿದೆವು. ಟೆಂಪೋ ತುಂಬ ಕಲ್ಲಿನ ಕಂಬಗಳು, ಮೊಳದಷ್ಟು ಉದ್ದದವು, ತುದಿಗೆ ಹಳದಿ ಬಣ್ಣ.

"ಮಾವ, ನಮಗೆ ಎರಡೇ ಸಾಕು. ಇಷ್ಟೊಂದು ಯಾಕೆ? ಇಷ್ಟು ಗಿಡ್ಡ ಇದ್ರೆ ಹಿಡಿಯೋದು ಹೆಂಗೆ?"

ಕಲ್ಲು ಇಳಿಸುತ್ತಿದ್ದ ಆಳು ನಕ್ಕುಬಿಟ್ಟ. "ಇದು ಸೈಟ್ ಕಲ್ಲು ಕಣಮ್ಮ. ಹಿಡ್ಕೊಳಕ್ಕಲ್ಲ, ಹಂಚ್ಕೊಳಕ್ಕೆ."

ನಾನು ಮಾವನ ಮುಖ ನೋಡಿದೆ. ಮಾವ ನನ್ನ ಕಡೆ ನೋಡಲಿಲ್ಲ. ದಾರ ಹಿಡಿದವನಿಗೆ, "ಆ ಮೂಲೆಯಿಂದ ಶುರು ಮಾಡಪ್ಪ" ಎಂದರು.

ಅಷ್ಟಾಗಿದ್ದರೂ ಕ್ಷಮಿಸಿಬಿಡುತ್ತಿದ್ದೆನೇನೋ. ಜಾಗ ಅವರದು, ಮಾರಲು ಹೊರಟರು. ದೊಡ್ಡವರು ಮಕ್ಕಳಿಗೆ ಸುಳ್ಳು ಹೇಳುವುದು ಹೊಸದಲ್ಲ. ಆದರೆ ಆ ಸಂಜೆ ಗಾಳಿಯ ಜೊತೆ ಇಡೀ ಸಾಲಿನ ಅಡುಗೆ ಮಣ್ಣುಪಾಲಾಯಿತು. ಬಾಡಿಗೆಯವರೆಲ್ಲ ಮಾವನ ಬಾಗಿಲಿಗೆ ಬಂದರು. ಶಿವಲೀಲಾಳ ಅಪ್ಪ ಮುಂದಿದ್ದ.

"ಮಾಲಕ್ರ, ಕೂಸಿಗೆ ಉಸುರಾಡಾಕ ಬರವಲ್ದು. ಒಂದೀಟು ನೀರರ ಹೊಡಸ್ರಿ."

ಮಾವ ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನನ್ನ ಕೇಳಿದ್ರೆ? ಹುಲ್ಲಿತ್ತಪ್ಪ ಅಲ್ಲಿ, ತಣ್ಣಗಿತ್ತು. ಈ ಹುಡ್ಗೀರು ಆಟ ಆಟ ಅಂತ ಕೆರೆದು ಗುಡ್ಡೆ ಹಾಕ್ಬಿಟ್ರು. ಬೇಡ ಕಣ್ರಮ್ಮ ಅಂತ ಎಷ್ಟು ಹೇಳ್ದೆ. ನಿನ್ನ ಮಗಳನ್ನೇ ಕೇಳು, ಅವಳೇ ಲೀಡರ್ರು."

ಶಿವಲೀಲಾ ಅಪ್ಪನ ಹಿಂದಿನಿಂದ ಮುಂದೆ ಬಂದಳು. "ನೀವಽ ಹೇಳೀರಲ್ರೀ ಕೆರೀರಿ ಅಂತ? ಐಸ್ ಕ್ಯಾಂಡಿನೂ ಕೊಡಿಸೀರಿ!"

"ನೋಡಪ್ಪ ಬಾಯಿ ಹೆಂಗಿದೆ" ಎಂದರು ಮಾವ, ನಗುತ್ತ.

ನಾನು ಗುಂಪಿನ ಮುಂದೆ ಹೋಗಿ ನಿಂತೆ. "ಮಾವ ಹೇಳಿದ್ದು. ಎರಡು ಕಂಬ ಕೊಡ್ತೀನಿ ಅಂದಿದ್ರು. ಧೂಳು ಎದ್ದಿದ್ದು ಕಾರು ಬಂದ್ಮೇಲೆ. ಅಮ್ಮ ಅಲ್ಲೇ ಇದ್ಲು. ಅಮ್ಮ, ಹೇಳು."

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಸಗಣಿ ಹೊತ್ತು ತಂದದ್ದು ಅವಳು. ಸಾರಿಸುವಾಗ ಹಣೆಗೆ ಅಂಟಿದ ಬಗ್ಗಡವನ್ನು ನನ್ನ ಲಂಗಕ್ಕೆ ಒರೆಸಿ ನಕ್ಕವಳು ಅವಳು. ಅವಳು ತನ್ನ ಅಣ್ಣನನ್ನು ನೋಡಿದಳು, ನಮ್ಮ ಶೀಟಿನ ಮನೆಯನ್ನು ನೋಡಿದಳು, ಆಮೇಲೆ ನನ್ನ ರಟ್ಟೆ ಹಿಡಿದಳು.

"ದೊಡ್ಡೋರ ಮುಂದೆ ಎದುರು ಮಾತಾಡ್ತೀಯ? ನಡಿ ಒಳಗೆ."

ಅವಳಿಗೆ ಬೇರೆ ದಾರಿ ಇರಲಿಲ್ಲ ಎಂದು ಈಗ ನನಗೆ ಅರ್ಥವಾಗುತ್ತದೆ. ಅರ್ಥವಾದರೆ ನೋವು ಹೋಗುತ್ತದೆ ಎನ್ನುವವರಿಗೆ ನಾನೇನೂ ಹೇಳಲಾರೆ.

ಆ ರಾತ್ರಿ ಶಿವಲೀಲಾಳ ಅಪ್ಪ ಅವಳಿಗೆ ಹೊಡೆದದ್ದು ನಮ್ಮ ಮನೆಗೆ ಕೇಳಿಸಿತು. ಸ್ವಲ್ಪ ದಿನಕ್ಕೆ ಅವರು ರೂಮು ಬಿಟ್ಟು ಬೇರೆ ಕಡೆ ಹೋದರು, ಕೂಸಿಗೆ ಗಾಳಿ ಒಗ್ಗುವುದಿಲ್ಲವೆಂದು. ಗಾಡಿಗೆ ಸಾಮಾನು ಏರಿಸುವಾಗ ಅವಳು ನನ್ನ ಜೊತೆ ಮಾತಾಡಿದಳು. "ನೀ ಖರೇ ಹೇಳಿದಿ. ನಿಮ್ಮವ್ವ ಹೇಳಲಿಲ್ಲ" ಎಂದಳು, ಅಷ್ಟೆ. ಹೋಬಳಿ ಆಟಕ್ಕೆ ಬೇರೆ ಶಾಲೆಯವರು ಹೋದರು.

ಸೈಟುಗಳು ತಕ್ಷಣ ಮಾರಾಟವಾಗಲಿಲ್ಲ. ಆ ಬೇಸಿಗೆಯೆಲ್ಲ ಕಣ ಹಾರುತ್ತಲೇ ಇತ್ತು. ಮೊದಲ ದೊಡ್ಡ ಮಳೆಗೆ ಮುಂಚೆ ಅಜ್ಜಿ ನನ್ನ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋದಳು. ನೆಲದಲ್ಲಿ ಬರಿ ನುರುಜುಗಲ್ಲು ಉಳಿದಿತ್ತು. ಮೆತ್ತನೆ ಮಣ್ಣು, ಹುಲ್ಲು ಹುಟ್ಟುವ ಮಣ್ಣು, ಇರಲಿಲ್ಲ. ನಾವು ಸಾರಿಸಿದ ಪಟ್ಟಿ ಮಾತ್ರ ಇದ್ದ ಹಾಗೇ ಇತ್ತು. ಸುತ್ತಲಿನದೆಲ್ಲ ಇಳಿದುಹೋಗಿ ಅದೊಂದೇ ಜಗಲಿಯ ಹಾಗೆ ಎತ್ತರಕ್ಕೆ ನಿಂತಿತ್ತು, ನಡುವೆ ಕಂಬದ ಗುರುತಿನ ಕಲ್ಲು. ಅಜ್ಜಿ ಕುಕ್ಕರಗಾಲಲ್ಲಿ ಕೂತು, ನನ್ನ ತೋರುಬೆರಳನ್ನು ಆ ಪಟ್ಟಿಯ ಅಂಚಿಗೆ ಆನಿಸಿ ನಿಲ್ಲಿಸಿದಳು. ಪಟ್ಟಿಯ ಎತ್ತರ ಬೆರಳಿನ ಎರಡನೇ ಗೆಣ್ಣಿನವರೆಗೆ ಬಂತು.

"ಇಷ್ಟು ಓಯ್ತು ನೋಡು" ಎಂದಳು. ಆಮೇಲೆ ಸೊಪ್ಪಿಗಾಗಿ ಅವಳು ಮನೆಯ ಹಿಂದೆ ಹೋದದ್ದನ್ನು ನಾನು ನೋಡಲಿಲ್ಲ.

ಈಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಾಗಸಂದ್ರದವರೆಗೆ ಮೆಟ್ರೋ, ಆಮೇಲೆ ಬಸ್ಸು. ಕಿಟಕಿಯಾಚೆ ಪ್ರತಿ ಬೇಸಿಗೆಗೂ ಒಂದಲ್ಲ ಒಂದು ಕಡೆ ಕೆರೆದು ಬಿಟ್ಟ ನೆಲ, ಹಳದಿ ತುದಿಯ ಕಲ್ಲು, ಕೆಂಪು ಹೊಗೆ. ಬಸ್ಸಿನವರು ಗಾಜು ಎಳೆದುಕೊಂಡು "ಏನ್ ಗಾಳಿ ಗುರು" ಎಂದು ಗಾಳಿಯನ್ನು ಬೈಯುತ್ತಾರೆ. ನಮ್ಮ ಕಣದ ಮೇಲೆ ಈಗ ಮೂರಂತಸ್ತಿನ ಮನೆಗಳಿವೆ. ಅಜ್ಜಿ ಇಲ್ಲ. ಶಿವಲೀಲಾ ಎಲ್ಲಿದ್ದಾಳೋ ಗೊತ್ತಿಲ್ಲ. ಸೊಪ್ಪಿಗೆ ಗಾಡಿಯವನನ್ನು ಕಾಯುತ್ತೇವೆ. ಅಣ್ಣೆ ಸೊಪ್ಪು ಅವನ ಹತ್ತಿರವೂ ಇರುವುದಿಲ್ಲ.

ಮೊನ್ನೆ ಮಾವನ ಮೊಮ್ಮಗನ ನಾಮಕರಣ. ಊಟದ ಪಂಕ್ತಿಯಲ್ಲಿ ಮಾವ ನನ್ನ ಪಕ್ಕ ಕೂತಿದ್ದರು. ತಲೆ ನೆರೆತಿದೆ, ನಗು ಅದೇ. ಎದುರು ಕೂತ ಬೀಗರಿಗೆ ನನ್ನನ್ನು ತೋರಿಸಿ ಹೇಳಿದರು:

"ನನ್ನ ತಂಗಿ ಮಗಳು. ನಮ್ಮ ಮನೆತನದಲ್ಲಿ ಫಸ್ಟ್ ಡಿಗ್ರಿ ಇವಳದೇ. ಚಿಕ್ಕೋಳಿದ್ದಾಗ ಖೊಖೊ ಅಂದ್ರೆ ಪ್ರಾಣ ಬಿಡ್ತಿದ್ಲು. ನಮ್ಮ ಕಣಾನೇ ಕ್ಲೀನ್ ಮಾಡ್ಸಿ ಗ್ರೌಂಡ್ ಮಾಡ್ಕೊಟ್ಟಿದ್ದೆ ನಾನು. ಆಗಿನ ಕಾಲಕ್ಕೆ ಹೆಣ್ಮಕ್ಳಿಗೆ ಯಾರು ಮಾಡ್ತಿದ್ರು ಹೇಳಿ? ಅಲ್ವೇನೇ?"

ಕೊನೆಯ ಮಾತು ಕೇಳಿದ್ದು ಅಮ್ಮನನ್ನು. ಅಮ್ಮ ಎಲೆಯ ಮೇಲಿನ ಅನ್ನ ಕಲಸುತ್ತಲೇ, "ಹೂಂ ಅಣ್ಣ, ಮಾಡ್ಕೊಟ್ಟಿದ್ದೆ" ಎಂದಳು. ನಾವೀಗ ಅವರ ಶೀಟಿನ ಮನೆಯಲ್ಲಿಲ್ಲ. ನನ್ನ ಸಂಬಳದ ಮನೆಯಲ್ಲಿ ಇದ್ದೇವೆ.

"ಕಂಬ ಬರ್ಲಿಲ್ಲ ಮಾವ" ಎಂದೆ.

ಮಾವ ನನ್ನ ಕಡೆ ತಿರುಗಿದರು. ನಟನೆ ಇರಲಿಲ್ಲ, ನಿಜವಾಗಿಯೂ ನೆನಪಿರಲಿಲ್ಲ. "ಯಾವ ಕಂಬಾನೇ?"

ಪಾಯಸ ಬಂತು. ನಾನು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿಂದ ತೋರುಬೆರಳಿನ ಎರಡನೇ ಗೆಣ್ಣನ್ನು ಮುಟ್ಟಿ ನೋಡಿಕೊಂಡೆ. ಅಷ್ಟು ಹೋಗಿತ್ತು ಎನ್ನುವುದಕ್ಕೆ ಈಗ ಉಳಿದಿರುವುದು ಅದೊಂದೇ.